ಒಂದು ಸುತ್ತಿಗೆ ಎಷ್ಟು ಇಂಚು

ಬೈತಖೋಲದಲ್ಲಿ ಜೂನ್ ಎಂದರೆ ದೋಣಿಗಳಿಗೆ ರಜೆ,
ಪುರ್ಸೊ ಮೇಸ್ತನಿಗೆ ಇಲ್ಲ.
ಎಂಜಿನ್ ಬಿಚ್ಚಿಸಿಕೊಂಡ ಟ್ರಾಲರುಗಳು
ಧಕ್ಕೆಗೆ ಒರಗಿ ಮಳೆ ಕುಡಿಯುವಾಗ
ಅವನ ಲೇತು ಮಾತ್ರ ಬೆಳಗಿನಿಂದ
ಯಾರದೋ ಶಾಫ್ಟು ಕಚ್ಚಿಕೊಂಡು ತಿರುಗುತ್ತಲೇ ಇರುತ್ತದೆ.

ನಾನು ತಂದದ್ದು ಒಂದು ಕ್ಯಾಟಲಾಗು,
ಲೈಸೆನ್ಸಿನ ಜೆರಾಕ್ಸು,
ನನ್ನ ಪಾಯಿಂಟ್ ಟೂಟೂ ಸೆಮಿ ಆಟೊಮ್ಯಾಟಿಕ್ಕಿಗೆ
ಹೊಸ ನಳಿಗೆ ಹಾಕಿಸುವ ಆಸೆ.

ಹದಿನಾರಾ, ಒಂಬತ್ತಾ? ಕೇಳಿದೆ.
ಕನ್ನಡಕ ಹಣೆಗೇರಿಸಿ, ಮೂಲೆಯಲ್ಲಿದ್ದ
ಹಿತ್ತಾಳೆ ಪಂಕವನ್ನು ಕಾಲಿನಲ್ಲೇ ತೋರಿಸಿದ.
“ಇದಕ್ಕೂ ಅದೇ ಲೆಕ್ಕ ಬಾಯ್,
ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ.
ನಿನ್ನಪ್ಪನ ದೋಣಿ ಬಲೆ ಎಳೀಬೇಕು, ಇಂಚು ಕಮ್ಮಿ.
ಬರಿದೇ ಓಡೋದಕ್ಕೆ ಜಾಸ್ತಿ.
ಗುಂಡು ಎಂಥದ್ದು ಹೇಳು ಮೊದಲು.”

ಭಾರ ನಲವತ್ತು ಗ್ರೇನು ಎಂದೆ.
“ಭಾರ ಯಾರು ಕೇಳಿದ್ರು? ಉದ್ದ ಹೇಳು.
ಗಿಡ್ಡ ಬುಗುರಿ ಹೆಂಗೆ ಬಿಟ್ಟರೂ ನಿಂತೀತು,
ಉದ್ದದ್ದಕ್ಕೆ ಚಾಟಿ ಜೋರು ಬೇಕು.”

ಅವನು ಹೇಳಿದ್ದನ್ನು ನಾನು ಕಂಡಿದ್ದೆ.
ಅರವತ್ತು ಗ್ರೇನಿನ ಉದ್ದ ಗುಂಡನ್ನು
ಹದಿನಾರರ ನಳಿಗೆಯಲ್ಲಿ ಹಾರಿಸಿದವರ ಗುರಿಕಾಗದ:
ತೂತು ದುಂಡಗಿರಲಿಲ್ಲ, ಬೀಗದ ಕಿಂಡಿಯಂತಿತ್ತು,
ಗುಂಡು ಅಡ್ಡ ಮಲಗಿ ಹೊಕ್ಕ ಗುರುತು.
ಯಾವ ಕೀಲಿಯೂ ಕೂರದ ಬಾಗಿಲು,
ಅದರಾಚೆ ಬರೀ ಮಣ್ಣಿನ ದಿಬ್ಬ.

ನನ್ನದು ಗಿಡ್ಡ. ಹದಿನಾರು ಎಂದು ಬರೆದುಕೊಂಡೆ.

ತಕರಾರು ಇದ್ದದ್ದು ಗೂಡಿನದು.
ನನಗೆ ಬೇಕಾದ್ದು ಮ್ಯಾಚ್ ಚೇಂಬರು, ಬಿಗಿಯಾದದ್ದು,
ತೋಟಾ ಕೂತ ಕ್ಷಣವೇ ಸೀಸದ ಮೂತಿ
ಸುರುಳಿಗೀರಿಗೆ ತಾಗಿರಬೇಕು,
ಐವತ್ತು ಮೀಟರಿನಾಚೆ ಐದು ತೂತು
ಒಂದು ಹುಣಿಸೆಬೀಜದಡಿ ಅಡಗಬೇಕು.
ಎರಡು ಅಂಕಕ್ಕೆ ಸೋತವಳು ನಾನು, ಧಾರವಾಡದಲ್ಲಿ.
ಆ ಎರಡನ್ನು ಎರಡು ವರ್ಷದಿಂದ ಹುಡುಕುತ್ತಿದ್ದೇನೆ.

ಮೇಸ್ತ ಲೇತು ನಿಲ್ಲಿಸಿದ.
ಅದು ನಿಂತರೆ ಇಲ್ಲಿ ಸಮುದ್ರ ಕೇಳಿಸುತ್ತದೆ.
ಹದಿನೇಳು ವರ್ಷ ಮಿಲಿಟರಿಯಲ್ಲಿ
ಬೇರೆಯವರ ಬಂದೂಕು ಬಿಚ್ಚಿ ಜೋಡಿಸಿದವನು,
ಆ ಮಾತು ತೆಗೆಯುವುದೇ ಇಲ್ಲ.

“ಕೈಯಲ್ಲಿ ಬೋಲ್ಟು ದೂಡುವವರಿಗೆ ಬಿಗಿ ಗೂಡು ಸರಿ.
ಎಲ್ಲೋ ಹಿಡೀತು ಅಂತ ಕೈಗೆ ತಿಳೀತದೆ.
ನಿನ್ನದರಲ್ಲಿ ದೂಡೋದು ಸ್ಪ್ರಿಂಗು.
ಸ್ಪ್ರಿಂಗಿಗೆ ಬೆರಳಿಲ್ಲ ಬಾಯ್.
ಅದರ ಮೇಲೆ ಈ ಊರಿನ ಉಪ್ಪುಗಾಳಿ.
ಏಪ್ರಿಲಿಗೇ ಗುಂಡಿನ ಮೇಣ ಬೆವರ್ತದೆ,
ಬೆವರಿಗೆ ಮರಳು ಹತ್ತದೆ ಬಿಡ್ತದಾ?”

ನಾನು ಅವನಿಗೆ ಹೇಳಿರಲಿಲ್ಲ.
ಹೋದ ಮೇ, ಜೆಸಿಂತಾ ಫುರ್ಟಾಡೊಳ ರೈಫಲ್ಲು ನನ್ನ ಕೈಲಿ.
‘ಖಾಲಿ ಮಾಡಿ’ ಎಂದು ಕೂಗಿದರು. ಎಳೆದೆ.
ಕೇಸು ಬಂತು.
ಗುಂಡು ಬರಲಿಲ್ಲ, ಗೀರು ಕಚ್ಚಿಕೊಂಡು ಒಳಗೇ ಉಳಿಯಿತು.
ಬೂದುಬಣ್ಣದ ಮದ್ದು ಕಸಕಸೆಯಂತೆ
ಟ್ರಿಗರಿನ ಸಂದಿಗೆಲ್ಲ ಸೋರಿತು.
ಅಷ್ಟೇ. ಯಾರಿಗೂ ಏನೂ ಆಗಲಿಲ್ಲ.
ಕಾಳಿ ಸೇತುವೆ ದಾಟುವವರೆಗೆ, ಸ್ಕೂಟರಿನ ಮೇಲೆ,
ನಾವಿಬ್ಬರೂ ಮಾತಾಡಲಿಲ್ಲ.

ಅವನು ಲೇತಿನ ಮೇಲಿದ್ದ ಶಾಫ್ಟಿಗೆ
ಬುಷ್ಷು ತೊಡಿಸಿ, ನನ್ನ ಬೆರಳಿಟ್ಟು ಅಲುಗಿಸಿದ.
ಒಂದು ಎಳೆಯಷ್ಟು ಸಡಿಲ.
“ನೀರು ಓಡಾಡಲಿ ಅಂತ ಬಿಟ್ಟದ್ದು.
ಬಿಗಿ ಮಾಡಿಕೊಟ್ಟರೆ ಧಕ್ಕೆ ಮೇಲೆ ಹೊಗಳ್ತಾರೆ.
ಕೂರ್ಮಗಡ ದಾಟೂದ್ರೊಳಗೆ ಸುಡ್ತದೆ.”

ಹಾಗಾದರೆ ಎಷ್ಟು ಬಿಡಿಸಲಿ?
ಎರಡು ಅಂಕ ಅದರಲ್ಲೇ ಸೋರಿ ಹೋದರೆ?

ಕ್ಯಾಟಲಾಗು ಕಿತ್ತುಕೊಂಡು
ನಾನು ಗುರುತಿಗೆಂದು ಮಡಿಸಿದ್ದ ಹಾಳೆಯ ಮೂಲೆ ಬಿಡಿಸಿದ.
ಬಿಗಿಯದ್ದಲ್ಲ, ಸಡಿಲದ್ದಲ್ಲ,
ಮಡಿಕೆಯಡಿ ಇನ್ನೊಂದು ಗೂಡಿತ್ತು, ಮೂರನೇ ಸಾಲಿನಲ್ಲಿ,
ಸೆಮಿ ಆಟೊಮ್ಯಾಟಿಕ್ಕಿಗೆಂದೇ ಕೊರೆದದ್ದು.
ಅವನ ಹೆಬ್ಬೆರಳ ಗ್ರೀಸು ಅದರ ಮೇಲೆ ಕೂತಿತು.

“ಹೋದರೆ ಹೋಯ್ತು. ಆಗ ಉಸಿರು ಲೆಕ್ಕ ಮಾಡು.
ನಿನ್ನಪ್ಪನಿಗೆ ಹೇಳು, ಶಾಫ್ಟು ಗುರುವಾರಕ್ಕೆ ಆಗೂದಿಲ್ಲ.”

ಲೇತು ಶುರುವಾಯಿತು. ಸಮುದ್ರ ನಿಂತಿತು.
ಕ್ಯಾಟಲಾಗನ್ನು ಛತ್ರಿಯೊಳಗೆ ಹಿಡಿದು,
ತಲೆ ನೆನೆಸಿಕೊಂಡು ಹೊರಟೆ.