ಉದ್ದ ಮೇಜಿನ ಗುರುವಾರ

ಎಲ್ಲಿ ಕೂರುತ್ತೀರಿ ಎಂದು ಗಾಶುಶಾ ಯಾರನ್ನೂ ಕೇಳುವುದಿಲ್ಲ.
ಬೆರಳು ತೋರಿಸುತ್ತಾಳೆ. ಅಲ್ಲೇ ನಿನ್ನ ಜಾಗ,
ಆ ರಾತ್ರಿಯ ಮಟ್ಟಿಗೆ ಅಲ್ಲೇ ನಿನ್ನ ಋಣ.

ರೈಲು ಹಳಿಯ ಬದಿಗೆ ಎರಡಂತಸ್ತಿನ ಇಟ್ಟಿಗೆ ಕಟ್ಟಡ.
ಬೋರ್ಡಿನಲ್ಲಿ ಒಂದಕ್ಷರ ಉರಿಯುವುದಿಲ್ಲ,
ನಾನು ಕಂಡಾಗಿನಿಂದಲೂ.
ನೆವಾಡಾದ ಈ ಮೂಲೆಯಲ್ಲಿ ರೈಲು ಈಗ ನಿಲ್ಲುವುದಿಲ್ಲ,
ಕೂಗಿಕೊಂಡು ಹೋಗುತ್ತದೆ;
ಗ್ಲಾಸುಗಳು ತುಸು ನಡುಗಿ ಸುಮ್ಮನಾಗುತ್ತವೆ.

ಏಳಕ್ಕೆ ಗಂಟೆ. ಏಳೂ ಐದಕ್ಕೆ ಬಂದವರಿಗೆ ಸೂಪಿಲ್ಲ.
ಹೊಸಬರು ಮೋಸಹೋಗುವುದೂ ಇಲ್ಲೇ:
ಸೂಪು, ಬ್ರೆಡ್ಡು, ಬೆಳ್ಳುಳ್ಳಿ ಘಾಟಿನ ಹಸಿ ಸೊಪ್ಪು,
ಬೋಗುಣಿ ತುಂಬ ಬೆಂದ ಕಾಳು,
ಎಲ್ಲ ಬಳಿದು ತಿಂದು ಬೆಲ್ಟು ಸಡಿಲಿಸಿ ಬಿಲ್ಲು ಕೇಳುತ್ತಾರೆ.
ಆಗ ಕುರಿಯ ಪಕ್ಕೆಲುಬಿನ ತಟ್ಟೆ ತಂದು ಕುಕ್ಕಿ
ಗಾಶುಶಾ ಹೇಳುತ್ತಾಳೆ:
"ಇಷ್ಟು ಹೊತ್ತೂ ನೀವು ಕೈ ತೊಳೆದದ್ದು."

ಪಿಕೋನ್ ಎಂಬುದೊಂದು ಪಾನಕ: ಕಿತ್ತಳೆ ಸಿಪ್ಪೆಯ ಕಹಿ,
ದಾಳಿಂಬೆಯ ಸಿಹಿ, ಮೇಲೆ ತೇಲುವ ಬ್ರಾಂದಿ.
ಮೊದಲ ಗುಟುಕಿಗೆ ಕಷಾಯ, ಕೊನೆಯ ಗುಟುಕಿಗೆ ನೆಂಟ.
ನನಗಿಲ್ಲ. ನನ್ನದು ರಾತ್ರಿ ಪಾಳಿ.

ಮೇಜಿನ ತುದಿಯ ಕುರ್ಚಿ ಎರ್ರಾಮುನ್‌ನದು,
ಮಹಡಿಯ ನಾಲ್ಕನೇ ಕೋಣೆಯ ಕಡೆಯ ಬಾಡಿಗೆದಾರ.
ಹದಿನೇಳಕ್ಕೆ ಪಿರನೀಸ್ ಇಳಿದು ಬಂದವನು
ಎರಡು ಸಾವಿರ ಕುರಿ, ಒಂದು ನಾಯಿಯ ಜೊತೆ
ನಲವತ್ತು ಬೇಸಿಗೆ ಬೆಟ್ಟದಲ್ಲಿ ಮಾತಿಲ್ಲದೆ ಕಳೆದ.
ಆಸ್ಪೆನ್ ಮರದ ಬಿಳಿ ತೊಗಟೆಗೆ
ಚೂರಿಮೊನೆಯಲ್ಲಿ ಹೆಸರು ಗೀರಿದ್ದೇ ಅವನ ಪತ್ರವ್ಯವಹಾರ.
ಈಗಲೂ ಚಮಚ ಎತ್ತುವ ಮೊದಲು ತಲೆ ಎಣಿಸುತ್ತಾನೆ:
ಹದಿನಾಲ್ಕು. ಸರಿ. ಶುರುಮಾಡಿ.

ನಾನು ಹೆದ್ದಾರಿಯ ಹಿಮ ತಳ್ಳುವ ಲಾರಿಯವಳು.
ಹನ್ನೊಂದು ವರ್ಷದ ಹಿಂದೆ, ಜನವರಿಯಲ್ಲಿ,
ರಸ್ತೆ ಬಳಿಯುತ್ತ ಹೋದೆ;
ಬಳಿದದ್ದು ವರ್ಲಿನ್ ಟ್ರಾಸ್ಕ್‌ನ ಗೇಟಿಗೆ ಗೋಡೆಯಾಗಿ ನಿಂತಿತು.
ಅದೇ ರಾತ್ರಿ ಅವನ ಹೆಂಡತಿ ಓಪಲ್‌ಗೆ ಎದೆನೋವು.
ಸಲಿಕೆ ಹಿಡಿದು ನಲವತ್ತು ನಿಮಿಷ ಅಗೆದನಂತೆ.
ಆ ನಲವತ್ತು ನಿಮಿಷದಿಂದ ಏನೂ ಬದಲಾಗುತ್ತಿರಲಿಲ್ಲ
ಎಂದರು ಡಾಕ್ಟರು, ನನ್ನ ಹತ್ತಿರ.
ಅವನಿಗೂ ಹೇಳಿದರೋ, ಹೇಳಿದ್ದರೆ ನಂಬಿದನೋ,
ಕೇಳುವುದು ಹೇಗೆ?
ಅಂಚೆ ಕಚೇರಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ
ಒಬ್ಬರಿಗೊಬ್ಬರು ನಾವು ಗಾಜು.

ಈ ಗುರುವಾರ ಗಾಶುಶಾಳ ಬೆರಳು
ಅವನೆದುರಿನ ಕುರ್ಚಿಗೆ.
ಬೇಡ ಎಂದೆ, ಕಣ್ಣಿನಲ್ಲಿ.
ಅವಳಿಗೆ ಕಣ್ಣಿನ ಮಾತು ಬಾಸ್ಕ್ ಭಾಷೆಯಲ್ಲಷ್ಟೇ ತಿಳಿಯುತ್ತದೆ.

ಮೇಜಿನ ಎಣ್ಣೆಬಟ್ಟೆಯ ಮೇಲಿನ ಚೆರ್ರಿ ಎಣಿಸುತ್ತ ಕೂತೆ.
ಸೂಪು ಎಡದಿಂದ ಬಂತು, ಬಚಾವು.
ಸೊಪ್ಪು ಬಲದಿಂದ.
ಕಾಳಿನ ಬೋಗುಣಿ ಮಾತ್ರ ಅವನ ಕೈಗೆ ಬಂದು ನಿಂತುಬಿಟ್ಟಿತು.
ಅವನ ಎಡಕ್ಕೆ ಗೋಡೆ. ಬಲದವರು ಆಗಲೇ ಬಡಿಸಿಕೊಂಡಿದ್ದಾರೆ.
ಎದುರಿಗೆ ನಾನು.
ಇಡೀ ಮೇಜಿಗೆ ತಟ್ಟನೆ ಉಪ್ಪಿನ ವಿಚಾರ ಬಹಳ ಮುಖ್ಯವಾಯಿತು.

"ಬಿಸಿ ಇದೆ," ಅಂದ. "ಅಡಿಗೆ ಕೈ ಕೊಡು."
ಕೊಟ್ಟೆ. "ಹೂಂ" ಅಂದೆ.

ಅಷ್ಟೇ. ಕ್ಷಮೆ ಗಿಮೆ ಏನಿಲ್ಲ.
ಆಮೇಲೆ ನಾಲಿಗೆ ಬಂತು, ತಟ್ಟೆಯಲ್ಲಿ,
ಟೊಮೆಟೊ ಗೊಜ್ಜಿನಲ್ಲಿ ಮುಳುಗಿದ ಎತ್ತಿನ ನಾಲಿಗೆ;
ಇಬ್ಬರೂ ಎರಡೆರಡು ಹೋಳು ಹಾಕಿಸಿಕೊಂಡೆವು.

ಏಳುವ ಮುನ್ನ ಎರ್ರಾಮುನ್ ಮತ್ತೆ ಎಣಿಸಿದ.
ಹದಿನೈದು, ಅಂದ.
ಗಾಶುಶಾ ತಿದ್ದಲಿಲ್ಲ. ವರ್ಲಿನ್ ತಲೆ ಎತ್ತಲಿಲ್ಲ.

ಹೊರಗೆ ಹಿಮ ಶುರುವಾಗಿತ್ತು.
ಸ್ಟಿಯರಿಂಗ್ ಹಿಡಿದಾಗ ಅಂಗೈ ಇನ್ನೂ ಚುರುಗುಟ್ಟುತ್ತಿತ್ತು.
ಅವನ ಗೇಟಿನ ಮುಂದೆ ಬ್ಲೇಡು ಎತ್ತಿ, ದಾಟಿ, ಮತ್ತೆ ಇಳಿಸಿದೆ,
ಹನ್ನೊಂದು ವರ್ಷದಿಂದ ಮಾಡಿಕೊಂಡು ಬಂದ ಹಾಗೆ.
ಅವನಿಗೆ ಗೊತ್ತಿದೆಯೋ ಇಲ್ಲವೋ.
ಮುಂದಿನ ಗುರುವಾರ ಬಾಲದ ಸಾರು, ಎಂದಿದ್ದಾಳೆ ಗಾಶುಶಾ.