ಕಪ್ಪು ಪಂಚೆ

ಕಿನ್‌ಲಾಕ್‌ಲೆವೆನ್ನಿನ ಅಂಗಡಿಯಲ್ಲಿ
ತೊಂಬತ್ತು ಪೌಂಡಿನ ಮಳೆಪ್ಯಾಂಟು ಹಿಡಿದು
ಯೋಚಿಸುತ್ತ ನಿಂತಿದ್ದೆ:
ಒಳಗಿನ ಬೆವರಿಗೇ ನೆನೆಯುವುದಾದರೆ
ಹೊರಗಿನ ಮಳೆ ಮಾಡಿದ ಪಾಪವೇನು?

ಗಲ್ಲಾಪೆಟ್ಟಿಗೆಯ ಹಿಂದಿನ ಊನಾ
ನನ್ನನ್ನಲ್ಲ, ನನ್ನ ಪರ್ಸನ್ನು ನೋಡಿ ನಕ್ಕಳು.
ಕಸದ ಚೀಲವೊಂದನ್ನು ಸರ್ರನೆ ಎಳೆದು
ತಳ ಕತ್ತರಿಸಿ, "ಸುತ್ತಿಕೋ" ಅಂದಳು.
"ಕಿಲ್ಟು. ನಮ್ಮವರು ಸುಮ್ಮನೆ ಉಡಲಿಲ್ಲ.
ಬಟ್ಟೆಗಿಂತ ಚರ್ಮ ಬೇಗ ಒಣಗುತ್ತೆ."

ಸುತ್ತಿಕೊಂಡೆ. ಕೈಗೆ ಹೇಗೆ ಗೊತ್ತಿತ್ತೋ,
ಅಂಚು ತಂದು ಸೊಂಟಕ್ಕೆ ಸಿಕ್ಕಿಸಿತು.
ತುಮಕೂರಿನಲ್ಲಿ ಮೋರಿ ಉಕ್ಕಿದ ಸಂಜೆ
ಅಪ್ಪ ಪಂಚೆ ಎತ್ತಿಕಟ್ಟಿ
ಸೈಕಲ್ಲನ್ನು ಹೆಗಲಿಗೇರಿಸಿದ್ದ.
ನಾನು ನೋಡಿದ್ದು ಅಷ್ಟೆ, ಉಟ್ಟದ್ದಲ್ಲ.

ಈ ಬೆಟ್ಟದಲ್ಲಿ ಮಳೆ ಬೀಳುವುದಿಲ್ಲ,
ಅಡ್ಡಡ್ಡ ನಡೆಯುತ್ತದೆ;
ಹುಲ್ಲಿನಿಂದ ಮೇಲಕ್ಕೂ ಹತ್ತುತ್ತದೆ.
ಪಟಪಟ ಬಡಿಯುವ ನನ್ನ ಪಂಚೆ ಕಂಡು
ಕುರಿಯೊಂದು ಮೇವು ಬಿಟ್ಟು ನಿಂತಿತು.
ಮೈಲಿ ಮುಗಿಯುವಷ್ಟರಲ್ಲಿ ಶೂ ಪಚಪಚ,
ಮೀನಖಂಡ ಮರಗಟ್ಟಿತು.
ತೊಡೆ ಮಾತ್ರ ಬೆಚ್ಚಗೆ. ಸಾಕು.

ರಾತ್ರಿ ಟೆಂಟಿನಲ್ಲಿ
ಬ್ರೆಡ್ಡಿನ ಕವರಿನಿಂದ ಹೊರತೆಗೆದೆ,
ಮೂರು ದಿನ, ಜೊತೆಯವನು ಬೇಡಿದರೂ ಕೊಡದೆ
ಕಾದಿಟ್ಟ ಒಣ ಕಾಲುಚೀಲ.
ಹಾಕಿಕೊಂಡರೆ ಬೆರಳ ಸಂದಿಯಲ್ಲಿ
ಬ್ರೆಡ್ಡಿನ ಪುಡಿ.
ತೆಗೆಯಲಿಲ್ಲ.