ಗುಡ್ಡಕ್ಕೆ ಸುಣ್ಣ

ಕೌಂಟಿ ಕಚೇರಿಯಿಂದ ಬಂದ ಕಾಗದದಲ್ಲಿ
ನಮ್ಮ ಮಣ್ಣಿನ ಜಾತಕ: ಹುಳಿ. ನಾಲ್ಕು ಪಾಯಿಂಟ್ ಒಂಬತ್ತು.
ಎಕರೆಗೆ ಮೂರು ಟನ್ ಸುಣ್ಣ ಹಾಕಿ ಅಂತ
ಸಹಿ ಮಾಡಿದ ಪುಣ್ಯಾತ್ಮ
ಈ ಗುಡ್ಡ ಹತ್ತಿದವನಲ್ಲ.

ವೆಸ್ಟ್ ವರ್ಜೀನಿಯಾದ ನಲವತ್ತು ಎಕರೆ ಇಳಿಜಾರು,
ಮರದ ಕಂಪನಿ ಒಳ್ಳೆಯ ಓಕ್‌ಗಳನ್ನೆಲ್ಲ ಇಳಿಸಿಕೊಂಡು
ಬಿಟ್ಟುಹೋದದ್ದು.
ಅಣ್ಣ ಡೆಲ್ಮರನ ಗಣಿ ಪಿಂಚಣಿ,
ಶಾಲೆಯ ಬಸ್ಸು ಓಡಿಸಿ ನಾನು ಕೂಡಿಟ್ಟದ್ದು, ಎರಡೂ ಸೇರಿ ಕೊಂಡೆವು.
ಕೊಂಡ ದಿನ ಒಂದು ಹಿಡಿ ಮಣ್ಣು ಮೂಸಿ ಅವನು
"ಐವಲೀ, ಇಲ್ಲಿ ಮುಳ್ಳು ಕೂಡ
ಮನಸ್ಸಿಲ್ಲದೆ ಬೆಳೆದಿದೆ" ಎಂದ.

ಬಂಡೆಯ ತಿರುವಿನ ತನಕ ನಾಲ್ಕು ಗಾಲಿಯ ಗಾಡಿ,
ಆಮೇಲೆ ಹೆಗಲು.
ಅರ್ಧ ಎಕರೆ ಬಯಲಿಗೆ ಎಂಬತ್ತನಾಲ್ಕು ಮೂಟೆ.
ರೆಪ್ಪೆಯ ಮೇಲೆ ಸುಣ್ಣ, ಬ್ರೆಡ್ಡಿನ ನಡುವೆ ಸುಣ್ಣ,
ಥರ್ಮಾಸಿನ ಕಾಫಿಯಲ್ಲಿ ಸುಣ್ಣ.
ದುಡಿದು ಸುಣ್ಣವಾಗುವುದು ಅಂತಾರಲ್ಲ,
ನಾವು ಅದನ್ನು ಬರೀ ಮಾತಿಗೆ ಬಿಡಲಿಲ್ಲ.

ಅಂಚಿನ ಮೇಪಲ್‌ಗಳನ್ನು ಅವನು ಕೊಯ್ದ ರೀತಿ ನೋಡಬೇಕಿತ್ತು:
ಸೊಂಟದ ಮಟ್ಟಕ್ಕೆ ಗರಗಸ, ಮುಕ್ಕಾಲು ದಾಟಿದ್ದೇ ನಿಲ್ಲಿಸಿ
ಅಂಗೈಯಿಂದ ಮೆಲ್ಲಗೆ ತಳ್ಳುವುದು.
ಮರ ನರಳಿ ಮಲಗುತ್ತದೆ, ಸಾಯುವುದಿಲ್ಲ.
ಉಳಿದ ಒಂದು ಪಟ್ಟಿ ತೊಗಟೆಯಲ್ಲಿ ರಸ ಹರಿದು
ಮಲಗಿದಲ್ಲೇ ಚಿಗುರುತ್ತದೆ, ಜಿಂಕೆಯ ಬಾಯೆತ್ತರಕ್ಕೆ.
ಅದರ ಹಿಂದೆ ಅವು ಹಗಲು ಕಳೆಯುತ್ತವೆ.
"ಪೂರ್ತಿ ಕಡಿದರೆ ಸೌದೆ" ಅನ್ನುತ್ತಿದ್ದ,
"ಅಷ್ಟರಲ್ಲಿ ಬಿಟ್ಟರೆ ಬೇಲಿ, ಊಟ, ಹಾಸಿಗೆ."

ಆಗಸ್ಟಿನಲ್ಲಿ, ಬೀಜದ ಚೀಲ ಇಳಿಸುವಾಗ,
ಅವನ ಬಲಗಡೆ ಸುಮ್ಮನಾಯಿತು.

ಹೋಲಿಕೆ ನೀವೇ ಮಾಡಿಕೊಳ್ಳಿ.
ನಾನು ಬಸ್ಸು ಓಡಿಸಿದವಳು;
ಕನ್ನಡಿಯಲ್ಲಿ ಹಿಂದಿನದೆಲ್ಲ ಕಂಡರೂ
ನೋಡಬೇಕಾದದ್ದು ಮುಂದೆ.

ಬಿತ್ತಿದೆ ಒಬ್ಬಳೇ, ಮಳೆಯ ಹಿಂದಿನ ಸಂಜೆ,
ಕೊರಳಿಗೆ ಬೀಜದ ಡಬ್ಬಿ ನೇತುಹಾಕಿ ಹಿಡಿಕೆ ತಿರುಗಿಸುತ್ತಾ:
ಬಿಳಿ ಕ್ಲೋವರ್, ಚಿಕೋರಿ, ಟರ್ನಿಪ್, ಚಳಿಗಾಲಕ್ಕೆ ರೈ.
ಕಾಲು ಇಂಚಿಗಿಂತ ಆಳ ಬೇಡ, ಅಂತ ಅವನ ಹಳೆಯ ಚೀಟಿ,
ಬಲಗೈ ಬರೆದದ್ದು.
ಅಕ್ಟೋಬರಿಗೆ ಎಂಥ ಹಸಿರು!
ಸುತ್ತ ಬೋಳು ಬೂದುಗುಡ್ಡ, ನಡುವೆ ಯಾರೋ
ಬಿಲಿಯರ್ಡ್ಸ್ ಮೇಜು ಮರೆತು ಹೋದ ಹಾಗೆ.
ಕ್ಯಾಮೆರಾದಲ್ಲಿ ಮಾತ್ರ
ರಕೂನು, ರಕೂನು, ನಾನು, ರಕೂನು.

ಉಣ್ಣಿಸಿ ಕೊಲ್ಲುವುದು ಸರಿಯೇ, ಅಂತ
ಹೊಸ ಪಾದ್ರಿ ಕೇಳಿದರು. ಪಿಟ್ಸ್‌ಬರ್ಗಿನವರು.
ಉತ್ತರ ನನ್ನಲ್ಲಿಲ್ಲ, ಫ್ರೀಜರಿನಲ್ಲಿದೆ ಎಂದೆ;
ಹೋದ ವರ್ಷದ್ದು ಒಂದು ಪೊಟ್ಟಣ ಕಟ್ಟಿಕೊಟ್ಟೆ.
ಮರುವಾರ ಕೇಳಿದರು:
ಈರುಳ್ಳಿ ಮೊದಲೋ, ಮಾಂಸ ಮೊದಲೋ.

ನವೆಂಬರ್. ಅಟ್ಟಣೆಯ ಮೇಲೆ ಮೂರನೆಯ ಬೆಳಗು,
ಬೆರಳು ಮರಗಟ್ಟಿ ಯಾರದೋ ಆಗಿದ್ದವು.
ಅದು ಬಂತು. ಎಂಟು ಕವಲಿನ ಗಂಡು.
ಹಸಿರಿನ ಅಂಚಿಗೆ ನಡೆದು, ಹಸಿರಿಗೆ ಬಾಯಿ ಹಾಕದೆ,
ಬರೀ ದಾರಿ ಅಂತ ತಿಳಿದು.
ಮಲಗಿದ ಮೇಪಲಿನ ಪಕ್ಕ ನಿಂತು ಕಿವಿ ತಿರುಗಿಸಿತು.
ಒಂದು ಸದ್ದು.
ಗುಡ್ಡ ಅದನ್ನು ಎರಡು ಸಲ ಹಿಂದಿರುಗಿಸಿತು.

ಹೊಟ್ಟೆ ಸೀಳಿದರೆ ಹಬೆ.
ಜಠರವನ್ನೂ ಕೊಯ್ದು ನೋಡಿದೆ, ತಡೆಯಲಾಗಲಿಲ್ಲ.
ಓಕಿನ ಕಾಯಿ. ಅರೆದದ್ದು, ಇಡಿಯದ್ದು,
ಮೂರು ಸೇರು ಓಕಿನ ಕಾಯಿ,
ಸೊಟ್ಟಗಿದೆ ಎಂದು ಕಂಪನಿ ಬಿಟ್ಟುಹೋದ
ಒಂದೇ ಒಂದು ಬಿಳಿ ಓಕು ಈ ವರ್ಷ ಸುರಿದದ್ದು.
ಕ್ಲೋವರ್: ಎರಡು ಎಲೆ.

ಡೆಲ್ಮರನ ಹಾಸಿಗೆ ಈಗ ಅಡುಗೆಮನೆಯ ಕಿಟಕಿಗೆ.
ಆ ಎರಡು ಎಲೆ ತೊಳೆದು ಅವನ ಎಡ ಅಂಗೈಯಲ್ಲಿಟ್ಟೆ.
ಎಂಬತ್ತನಾಲ್ಕು ಮೂಟೆ, ಎರಡು ವಸಂತ,
ತಗೋ, ಫಸಲು.
ಅರ್ಧ ಮುಖ ನಕ್ಕಿತು, ಇನ್ನರ್ಧ ಕಾದು ನಿಂತಿತು.
ಮೂಸಿದ. ಬಹಳ ಹೊತ್ತು ಮಾತು ತಡಕಿದ.
"ಸು" ಎಂದ. "ಸು..."
ಸುಸ್ತಾ? ಎಂದೆ. ಅಲ್ಲವೆಂದು ತಲೆಯಾಡಿಸಿದ.
"ಸುಣ್ಣ," ಎಂದ ಕೊನೆಗೆ,
"ಸಾ-ಲ-ದು."